‘ಹಿಂದೆ ನಿಂತವನು ಯಾರು ಗೊತ್ತಾ?’: ನಮ್ಮ ಮನೆ ಗುಂಪಿನಲ್ಲಿ ವೆನ್ ಜಿಯಾಬಾವೊ

ಮೈಸೂರು ಚಿಕ್ಕಪ್ಪ: (ಫಾರ್ವರ್ಡ್ ಆದ ಫೋಟೋ) 1989, ಬೀಜಿಂಗ್. ಮೆಗಾಫೋನ್ ಹಿಡಿದವನು ಪಕ್ಷದ ದೊಡ್ಡ ನಾಯಕ. ಆಮೇಲೆ ಸಾಯುವವರೆಗೂ ಗೃಹಬಂಧನ. ಹಿಂದೆ ಸುಮ್ಮನೆ ನಿಂತವನು ಯಾರು ಗೊತ್ತಾ? ಮುಂದೆ ಹತ್ತು ವರ್ಷ ಚೀನಾದ ಪ್ರಧಾನಿ! ಬಾಸ್ ಬೀಳುವಾಗ ಬಾಯಿ ಮುಚ್ಚಿಕೊಂಡಿರಿ. ಯಶಸ್ಸಿನ ಗುಟ್ಟು ಇಷ್ಟೇ 🙏

ಶಿವಮೊಗ್ಗ ಅತ್ತೆ: ಫೋಟೋ ನಿಜವಾದದ್ದೇ. ಕೆಳಗಿನ ಮಾತು ಯಾರದು? ಓದುವ ಮಕ್ಕಳೂ ಈ ಗುಂಪಿನಲ್ಲಿದ್ದಾರೆ.

ಮೈಸೂರು ಚಿಕ್ಕಪ್ಪ: ಬಂದದ್ದನ್ನು ಹಾಕಿದೆ ಅಕ್ಕ. ನಡೆದದ್ದೇ ಅಲ್ವಾ?

ನಾನು: ನಡೆದದ್ದನ್ನು ಪೂರ್ತಿ ಹೇಳೋಣ ಚಿಕ್ಕಪ್ಪ. ಅದು ಮೇ 19ರ ಬೆಳಗಿನ ಜಾವ. ತಿಯಾನನ್ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಬೇಕೆಂದು ವಿದ್ಯಾರ್ಥಿಗಳು ಉಪವಾಸ ಕೂತು ವಾರವಾಗುತ್ತಾ ಬಂದಿತ್ತು. ಮೆಗಾಫೋನ್ ಹಿಡಿದವರು ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಜಿಯಾಂಗ್. ‘ನಾವು ಬಂದದ್ದು ತಡವಾಯಿತು’ ಎಂದು ಹುಡುಗರ ಕ್ಷಮೆ ಕೇಳಿದರು. ಮಾರ್ಷಲ್ ಲಾ, ಅಂದರೆ ಸೇನೆಯ ಆಡಳಿತ, ಹೇರುವುದಕ್ಕೆ ಅವರು ಒಪ್ಪಿರಲಿಲ್ಲ. ಜನರ ಮುಂದೆ ಅವರು ಕಾಣಿಸಿಕೊಂಡದ್ದು ಅದೇ ಕೊನೆ. ಹಿಂದೆ ನಿಂತವರು ವೆನ್ ಜಿಯಾಬಾವೊ. ಆಗ 46 ವರ್ಷ. ಪಕ್ಷದ ಕೇಂದ್ರ ಕಚೇರಿಯ ಮುಖ್ಯಸ್ಥ. ನಾಯಕರ ಕಾಗದಪತ್ರ, ಸಭೆ, ಓಡಾಟ ಎಲ್ಲ ಅವರೇ ನೋಡಿಕೊಳ್ಳಬೇಕು. ಝಾವೊ ಹೊರಟರೆ ಜೊತೆಗೆ ಹೋಗುವುದು ಅವರ ಡ್ಯೂಟಿ.

ಅಣ್ಣ: ಡ್ಯೂಟಿ ಮಾಡಿದರು, ಅದಕ್ಕೇ ಉಳಿದರು. ಹು ಯಾವೊಬಾಂಗ್, ಝಾವೊ, ಜಿಯಾಂಗ್ ಜೆಮಿನ್, ಪಕ್ಷದ ಮೂವರು ಪ್ರಧಾನ ಕಾರ್ಯದರ್ಶಿಗಳ ಕಾಲದಲ್ಲೂ ಅದೇ ಕುರ್ಚಿ. ಮೊದಲ ಇಬ್ಬರೂ ಪದವಿ ಕಳೆದುಕೊಂಡರು, ಇವರು ಅಲುಗಾಡಲಿಲ್ಲ. ಇದು ಬರೀ ಅದೃಷ್ಟ ಅಲ್ಲ. ಭೂವಿಜ್ಞಾನ ಓದಿ, ಗಾನ್ಸುವಿನಂಥ ಬರಡು ಪ್ರಾಂತ್ಯದಲ್ಲಿ 1968ರಿಂದ 1982ರವರೆಗೆ ಬೆಟ್ಟಗುಡ್ಡ ಅಲೆದ ಮನುಷ್ಯ. ಕೆಲಸ ಗೊತ್ತಿತ್ತು. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿಗೂ ಬಂದಿದ್ದರು. ಹಾರ್ಡ್‌ವೇರ್ ಒಂದು ಪಗೋಡ, ಸಾಫ್ಟ್‌ವೇರ್ ಇನ್ನೊಂದು, ಎರಡೂ ಸೇರಿದರೆ ಜಗತ್ತಿಗೇ ಮುಂದು ಎಂದು ಹೇಳಿ ಹೋದರು.

ನಾನು: ಹೌದು. ಝಾವೊ ಸತ್ತದ್ದು ಅದೇ ವರ್ಷದ ಜನವರಿ 17ಕ್ಕೆ. ಹದಿನೈದು ವರ್ಷದ ಗೃಹಬಂಧನದಲ್ಲೇ ಪ್ರಾಣ ಹೋಯಿತು. ಪ್ರಧಾನಿಯಾಗಿ ಯಾರಿದ್ದರು ಹೇಳು?

ಮೈಸೂರು ಚಿಕ್ಕಪ್ಪ: ಅಂದರೆ ಆ ಮನುಷ್ಯ ಕೆಟ್ಟವರು ಅಂತೀಯಾ ಪುಟ್ಟಿ? ರೈತರ ತೆರಿಗೆ ತೆಗೆದದ್ದು ಅವರ ಕಾಲದಲ್ಲೇ. ಎರಡು ಸಾವಿರ ವರ್ಷಕ್ಕೂ ಹಳೆಯ ಕಂದಾಯ. 2006ರ ಜನವರಿ 1ರಿಂದ ಪೂರ್ತಿ ರದ್ದು. ನಾನೂ ಹೊಲ ಗದ್ದೆ ನೋಡಿ ಬೆಳೆದವನು. ಅದು ಸಣ್ಣ ಕೆಲಸ ಅಲ್ಲ.

ನಾನು: ಕೆಟ್ಟವರು ಎಂದು ನಾನು ಹೇಳಲೇ ಇಲ್ಲ. ಆ ತೆರಿಗೆ ತೆಗೆದದ್ದು ದೊಡ್ಡ ಕೆಲಸವೇ. ಇನ್ನೊಂದನ್ನೂ ನಾನೇ ಹೇಳುತ್ತೇನೆ. 2003ರ ಅಕ್ಟೋಬರ್‌ನಲ್ಲಿ ಚೊಂಗ್‌ಚಿಂಗ್ ಕಡೆಯ ಒಂದು ಹಳ್ಳಿಗೆ ಹೋಗಿದ್ದರು. ಒಬ್ಬ ಹೆಂಗಸು ಎದ್ದು, ಗಂಡ ಕಟ್ಟಡದ ಕೆಲಸ ಮಾಡಿದ ಕೂಲಿ ಬಂದಿಲ್ಲ ಎಂದರು. 2,240 ಯುವಾನ್ ಬಾಕಿ. ಅದೇ ರಾತ್ರಿ ದುಡ್ಡು ಮನೆಗೆ ಬಂತು. ಆಮೇಲೆ ದೇಶದ ತುಂಬಾ ಬಾಕಿ ಕೂಲಿ ಕೊಡಿಸುವ ಕೆಲಸ ಶುರುವಾಯಿತು. ಆ ಹೆಂಗಸಿನ ಧೈರ್ಯ ನೋಡಿ. ಪ್ರಧಾನಿ ಎದುರು ಬಾಯಿ ಬಿಟ್ಟದ್ದಕ್ಕೇ ಕೂಲಿ ಬಂತು. ನಿಮ್ಮ ಫಾರ್ವರ್ಡ್ ಹೇಳುವುದು ಇದಕ್ಕೆ ಉಲ್ಟಾ.

ಶಿವಮೊಗ್ಗ ಅತ್ತೆ: ಭೂಕಂಪದ ದಿನ ಟೀವಿಯಲ್ಲಿ ನಾನೂ ನೋಡಿದ್ದೆ. ಅವಶೇಷದ ಪಕ್ಕ ನಿಂತು ಮಕ್ಕಳಿಗೆ ‘ವೆನ್ ಅಜ್ಜ ಬಂದಿದ್ದೇನೆ, ಗಟ್ಟಿಯಾಗಿರಿ’ ಎಂದರು. ಅದು ನಾಟಕ ಅಂತ ನನಗೆ ಅನಿಸಲಿಲ್ಲ.

ನಾನು: ನನಗೂ ಅನಿಸಿಲ್ಲ ಅತ್ತೆ. 2008ರ ಮೇ 12, ಸಿಚುವಾನ್. ಮಧ್ಯಾಹ್ನ 2.28ಕ್ಕೆ ನೆಲ ನಡುಗಿತು, ಸಂಜೆಗೆ ಅವರು ದುಜಿಯಾಂಗ್ಯಾನ್‌ನಲ್ಲಿದ್ದರು. ಈ ಸಲ ಮೆಗಾಫೋನ್ ಅವರ ಕೈಯಲ್ಲೇ ಇತ್ತು. ಆದರೆ ಮುಂದಿನದ್ದನ್ನು ಕೇಳಿ. ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ಸತ್ತ, ಕಾಣೆಯಾದ ವಿದ್ಯಾರ್ಥಿಗಳು 5,335. ಅಕ್ಕಪಕ್ಕದ ಕಟ್ಟಡ ನಿಂತಿರುವಾಗ ಶಾಲೆ ಮಾತ್ರ ಯಾಕೆ ಕುಸಿಯಿತು ಎಂದು ತಂದೆತಾಯಿ ಕೇಳಿದರು. ಅವರ ಬಾಯಿ ಮುಚ್ಚಿಸಿದರು. ತಾನ್ ಜುವೊರೆನ್ ಎಂಬವರು ಸತ್ತ ಮಕ್ಕಳ ಪಟ್ಟಿ ಮಾಡಲು ಹೊರಟರು. 2010ರಲ್ಲಿ ಐದು ವರ್ಷ ಜೈಲು. ಅಪರಾಧ ಎಂದು ತೋರಿಸಿದ್ದು ಏನು ಗೊತ್ತಾ? 1989ರ ಬಗ್ಗೆ ಬರೆದಿದ್ದರು ಅಂತ. ಈ ಫೋಟೋದ ವಿಷಯವೇ! ಅತ್ತೆ, ನೀವು ಮೇಷ್ಟ್ರಾಗಿದ್ದವರು. ನಿಮ್ಮ ಶಾಲೆ ಬಿದ್ದಿದ್ದರೆ ನೀವು ಸುಮ್ನೆ ಇರುತ್ತಿದ್ದಿರಾ?

ಶಿವಮೊಗ್ಗ ಅತ್ತೆ: ಇಲ್ಲ.

ಅಣ್ಣ: ಒಬ್ಬ ಪ್ರಧಾನಿಯಿಂದ ಏನು ಮಾಡಲಾಗುತ್ತದೆ? ಅಲ್ಲಿ ಮೇಲಿರುವುದು ಪಕ್ಷದ ಪ್ರಧಾನ ಕಾರ್ಯದರ್ಶಿ, ಆಗ ಹು ಜಿಂಟಾವೊ. ರಾಜಕೀಯ ಸುಧಾರಣೆ ಬೇಕು ಎಂದು 2010ರಲ್ಲಿ ಶೆಂಝೆನ್‌ನಲ್ಲಿ ಬಹಿರಂಗವಾಗಿ ಹೇಳಿದವರು ಇವರೇ. ಅದೇ ವರ್ಷ ಹು ಯಾವೊಬಾಂಗ್ ಬಗ್ಗೆ ಪಕ್ಷದ ಪತ್ರಿಕೆ ಪೀಪಲ್ಸ್ ಡೈಲಿಯಲ್ಲಿ ಮನಮುಟ್ಟುವ ಹಾಗೆ ಬರೆದರು. ಆ ಕುರ್ಚಿಯಲ್ಲಿ ಕೂತು ಅಷ್ಟು ಹೇಳುವುದೇ ಜಾಸ್ತಿ.

ನಾನು: ಝಾವೊ ಬಗ್ಗೆ ಅಂಥದ್ದೊಂದು ಲೇಖನ ಬರೆಯಲಿಲ್ಲ ಅಣ್ಣ. ಮೆಗಾಫೋನ್ ಹಿಡಿದವರ ಪಕ್ಕದಲ್ಲೇ ನಿಂತಿದ್ದವರು.

ಮೈಸೂರು ಚಿಕ್ಕಪ್ಪ: ಮನೆಯವರ ಆಸ್ತಿ ವಿಷಯ ಯಾರೂ ಎತ್ತಲಿಲ್ಲವಲ್ಲ?

ನಾನು: ಎತ್ತೋಣ. 2012ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು: ಬಂಧುಗಳ ಹಿಡಿತದಲ್ಲಿ ಕನಿಷ್ಠ 270 ಕೋಟಿ ಡಾಲರ್. ವೆನ್ ಹೆಸರಲ್ಲಿ ಏನೂ ಸಿಗಲಿಲ್ಲ. ಮನೆಯವರ ವಕೀಲರು ವರದಿಯನ್ನು ಅಲ್ಲಗಳೆದರು. ಆದರೆ ಒಂದು ವಿಮಾ ಕಂಪನಿಯಲ್ಲಿನ 12 ಕೋಟಿ ಡಾಲರ್ ಬೆಲೆಯ ಪಾಲು 90 ವರ್ಷದ ಅವರ ತಾಯಿ ಹೆಸರಲ್ಲಿತ್ತು ಎಂದು ಪತ್ರಿಕೆ ತೋರಿಸಿತು. ನಿವೃತ್ತ ಶಾಲಾ ಶಿಕ್ಷಕಿ. ಚೀನಾದಲ್ಲಿ ಆ ಪತ್ರಿಕೆಯ ವೆಬ್‌ಸೈಟನ್ನೇ ತಡೆದರು. ಅಲ್ಲಿಯ ಜನ ಅದನ್ನು ಓದಿ, ಹೌದು ಅಲ್ಲ ಎಂದು ಜಗಳವಾಡುವುದಕ್ಕೂ ಬಿಡಲಿಲ್ಲ.

ಅಣ್ಣ: ತಾಯಿ ಸತ್ತ ಮೇಲೆ ಅವರೇ ಬರೆದ ಲೇಖನ ಓದಿದ್ದೀಯಾ? 2021ರಲ್ಲಿ ಮಕಾವುವಿನ ಪತ್ರಿಕೆಯೊಂದರಲ್ಲಿ ಬಂತು. ಅಪ್ಪ ಮಾವೊ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಪೆಟ್ಟು ತಿಂದದ್ದು, ಅಮ್ಮ ಕಷ್ಟಪಟ್ಟು ಸಂಸಾರ ನಡೆಸಿದ್ದು. ಚೀನಾ ನ್ಯಾಯ ತುಂಬಿದ ದೇಶವಾಗಬೇಕು ಅಂತಲೂ ಬರೆದರು. ನನಗೆ ಕಣ್ಣು ತುಂಬಿತು.

ನಾನು: ಓದಿದೆ. ಚೆನ್ನಾಗಿದೆ. ಚೀನಾದವರ ಮೆಸೇಜ್ ಆ್ಯಪ್ ವಿಚಾಟ್‌ನಲ್ಲಿ ಆ ಲೇಖನವನ್ನು ಹಂಚಿಕೊಳ್ಳದಂತೆ ಮಾಡಿದರು. ಹತ್ತು ವರ್ಷ ದೇಶದ ಪ್ರಧಾನಿಯಾಗಿದ್ದವರು ತಾಯಿಯ ಬಗ್ಗೆ ಬರೆದದ್ದು! ನಾವಿಲ್ಲಿ ಬೆಳಗ್ಗೆಯಿಂದ ಇದನ್ನೆಲ್ಲ ಕಳಿಸುತ್ತಿದ್ದೇವೆ, ಯಾರೂ ತಡೆದಿಲ್ಲ. ಬಾಯಿ ಮುಚ್ಚಿಸುವ ವ್ಯವಸ್ಥೆಯಲ್ಲಿ ಮೇಲೇರಿದರು. ಕೊನೆಗೆ ಅದು ಅವರನ್ನೂ ಬಿಡಲಿಲ್ಲ. ಇದನ್ನು ಯಶಸ್ಸಿನ ಗುಟ್ಟು ಎಂದು ಮಕ್ಕಳಿಗೆ ಕಳಿಸಬೇಡಿ ಚಿಕ್ಕಪ್ಪ.

ಮೈಸೂರು ಚಿಕ್ಕಪ್ಪ: ನೀನು ಹೇಳುವುದು ಸುಲಭ ಪುಟ್ಟಿ. ಹೆಂಡತಿ ಮಕ್ಕಳಿದ್ದವನು ಅವತ್ತು ಏನು ಮಾಡಬೇಕಿತ್ತು? ನಾನಾಗಿದ್ದರೂ ಹಾಗೇ ನಿಲ್ಲುತ್ತಿದ್ದೆ.

ನಾನು: ಅವತ್ತು ನಿಂತದ್ದಕ್ಕೆ ನನ್ನ ತಕರಾರಿಲ್ಲ. ಝಾವೊಗೆ ಬಾವೊ ಟಾಂಗ್ ಎಂಬ ಆಪ್ತ ಕಾರ್ಯದರ್ಶಿ ಇದ್ದರು. ಅವರಿಗೂ ಹೆಂಡತಿ ಮಕ್ಕಳಿದ್ದರು. ಅದೇ ಮೇ 28ಕ್ಕೆ ಬಂಧನ, ಏಳು ವರ್ಷ ಜೈಲು. ಹೊರಬಂದ ಮೇಲೂ 2022ರಲ್ಲಿ ಸಾಯುವವರೆಗೆ ಪೊಲೀಸ್ ಕಾವಲು. ಎಲ್ಲರೂ ಅವರ ಹಾಗೆ ಇರಲಿ ಎಂದು ನಾನು ಕೇಳುವುದಿಲ್ಲ. ನಾನು ಕೇಳುವುದು 2003ರಿಂದ 2013ರವರೆಗಿನ ವೆನ್ ಬಗ್ಗೆ. ಹಳೆಯ ಸಹೋದ್ಯೋಗಿ ಮನೆ ಮುಂದಿನ ಆ ಕಾವಲಿನ ಬಗ್ಗೆ ಬಹಿರಂಗವಾಗಿ ಒಂದು ಮಾತು ಆಡಬಹುದಿತ್ತು.

ಮೈಸೂರು ಚಿಕ್ಕಪ್ಪ: ಆಡಿದ್ದರೆ ಅವರೂ ಝಾವೊ ಹಾಗೆ ಮನೆಯಲ್ಲಿ ಕೂರಬೇಕಾಗುತ್ತಿತ್ತು. ರೈತರ ತೆರಿಗೆ ಯಾರು ತೆಗೆಯುತ್ತಿದ್ದರು?

ಶಿವಮೊಗ್ಗ ಅತ್ತೆ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪುಟ್ಟಿ, ಆ ತಾನ್ ಜುವೊರೆನ್ ಬಗ್ಗೆ ಓದುವುದಕ್ಕೆ ಏನಾದರೂ ಇದ್ದರೆ ನನಗೆ ಬೇರೆ ಕಳಿಸು.