ಏಕನಾಯಕದ ಕಷಾಯವನ್ನು ಮಾತ್ರೆಯ ಜೊತೆ ಕೊಡಬಹುದೇ?

ಪ್ರಶ್ನೆ: ಬದಿಯಡ್ಕದ ಕೃಷಿಕ
ನಮಸ್ಕಾರ. ನನ್ನ ತಾಯಿಯವರಿಗೆ 64 ವರ್ಷ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನು ಸೇವಿಸುತ್ತಿದ್ದಾರೆ; ಕಳೆದ ತಿಂಗಳು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.1 ಇತ್ತು. ನೆರೆಮನೆಯ ಹಿರಿಯರು ಗುಡ್ಡದಿಂದ ಏಕನಾಯಕದ ಬೇರು ತಂದುಕೊಟ್ಟು, ಚಹಾದ ಬದಲು ಇದರ ಕಷಾಯ ಕುಡಿದರೆ ಮೂರು ತಿಂಗಳಲ್ಲಿ ಮಾತ್ರೆಯೇ ಬೇಡವೆಂದಿದ್ದಾರೆ. ಅಮ್ಮನಿಗೂ ಮಾತ್ರೆಗಿಂತ ಬೇರಿನ ಮೇಲೆಯೇ ಭರವಸೆ ಹೆಚ್ಚು. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಉಪ್ಪಳದ ಫಾರ್ಮಸಿಸ್ಟ್
ಏಕನಾಯಕ ಬರಿಯ ನಂಬಿಕೆಯ ಮದ್ದಲ್ಲ. ಅದರ ಬೇರಿನಲ್ಲಿರುವ ಸಲಾಸಿನಾಲ್ ಎಂಬ ಅಂಶವು, ನಾವು ಉಂಡ ಅನ್ನದ ಪಿಷ್ಟವನ್ನು ಕರುಳಿನಲ್ಲಿ ಗ್ಲೂಕೋಸಾಗಿ ಒಡೆಯುವ ಕಿಣ್ವವನ್ನು ತಡೆಯುತ್ತದೆ. ಮಧುಮೇಹಕ್ಕೆ ಕೊಡುವ ಅಕಾರ್ಬೋಸ್ ಮಾತ್ರೆಯ ಕೆಲಸವೂ ಇದೇ. ತೊಡಕಿರುವುದು ಪ್ರಮಾಣದಲ್ಲಿ. ಮಾತ್ರೆಯ ಮೇಲೆ ಮಿಲಿಗ್ರಾಂ ಬರೆದಿರುತ್ತದೆ, ಗುಡ್ಡದ ಬೇರನ್ನು ಅಳೆದವರಿಲ್ಲ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆಯಾದ್ದರಿಂದ, ಎರಡೂ ಕೂಡಿದಾಗ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರುವ ಸಾಧ್ಯತೆಯಿದೆ. ಆಗ ಸಕ್ಕರೆ ನೀರಿಗಿಂತ ಗ್ಲೂಕೋಸ್ ಪುಡಿಯನ್ನೇ ಕೊಡಿ, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೂ ಬೇರು ತಡೆಹಿಡಿದಿರಬಹುದು. ವೈದ್ಯರಿಗೆ ತಿಳಿಸದೆ ಕಷಾಯ ಆರಂಭಿಸುವುದೂ ಬೇಡ, ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಉತ್ತರ: ಪೆರ್ಲದ ನಿವೃತ್ತ ಅಧ್ಯಾಪಿಕೆ
ನಾನು ಮುಗ್ಗರಿಸಿದ್ದು ಬೇರಿನಲ್ಲಲ್ಲ, ಬೆಲ್ಲದಲ್ಲಿ. ಚಹಾ ಬಿಟ್ಟೆನೆಂಬ ಹೆಮ್ಮೆಯಿಂದ ದಿನಕ್ಕೆ ಮೂರು ಲೋಟ ಕೊತ್ತಂಬರಿ-ಜೀರಿಗೆ ಕಷಾಯ ಕುಡಿಯುತ್ತಿದ್ದೆ. ಬೆಲ್ಲ ಹಾಕದಿದ್ದರೆ ನಮ್ಮ ಮನೆಯಲ್ಲಿ ಅದು ಕಷಾಯವೇ ಅಲ್ಲ! ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಏರಿದ್ದನ್ನು ನೋಡಿದ ಮೇಲೆ ಬೆಲ್ಲವನ್ನು ಪೂರ್ತಿ ಬಿಟ್ಟೆ, ಹಾಲನ್ನು ಎರಡು ಚಮಚಕ್ಕೆ ಇಳಿಸಿದೆ. ಮಧುನಾಶಿನಿ ಸೊಪ್ಪನ್ನೂ ಜಗಿದು ನೋಡಿದ್ದೇನೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲದಿಂದ ನಾಲಗೆಗೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯದು, ಸಕ್ಕರೆ ಮರಳಿನಂತಾಗುತ್ತದೆ. ಅನುಪತ್ಯದ (ಸಮಾರಂಭದ) ಊಟದಲ್ಲಿ ಪಾಯಸ ಬೇಡವೆನ್ನಲು ಅದು ನನಗೆ ನೆರವಾದದ್ದುಂಟು, ಆದರೆ ಮಾತ್ರೆಯನ್ನು ಒಂದು ದಿನವೂ ಬಿಟ್ಟಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಬೇರಿನ ತುಂಡನ್ನೂ ಮಾತ್ರೆಯ ಚೀಟಿಯನ್ನೂ ಒಟ್ಟಿಗೇ ವೈದ್ಯರ ಮುಂದಿಡುತ್ತೇನೆ. ಟೀಚರ್, ನಮ್ಮಲ್ಲೂ ಕಷಾಯಕ್ಕೆ ಬೆಲ್ಲ ಬೀಳುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಅಮ್ಮನಿಗೆ ಹೇಳುವ ಧೈರ್ಯ ಬರಬೇಕಷ್ಟೆ.