ದುಬೈ ಕಂಪನಿಗೆ ಕೆಲಸ ಕೊಟ್ಟರೆ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕಾ?

ಪ್ರಶ್ನೆ: ನಮಸ್ಕಾರ್ರೀ ಮೇಡಂ. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಡಿಸೈನ್ ಆಫೀಸ್ ಇದೆ, ಪಾರ್ಟ್‌ನರ್‌ಶಿಪ್ ಫರ್ಮ್. ಫೌಂಡ್ರಿಗಳಿಗೆ ಪ್ಯಾಟರ್ನ್, ಫಿಕ್ಸ್ಚರ್ ಡ್ರಾಯಿಂಗ್ ಮಾಡಿಕೊಡುತ್ತೇವೆ. ಕೆಲಸ ಜಾಸ್ತಿಯಾಗಿದೆ. ವಿಜಯಪುರದ ಗೆಳೆಯನೊಬ್ಬ ದುಬೈನಲ್ಲಿ ಫ್ರೀ ಝೋನ್ ಕಂಪನಿ ಮಾಡಿದ್ದಾನೆ, ಅವನಿಗೆ ತಿಂಗಳಿಗೆ 2 ಲಕ್ಷದ ಕೆಲಸ ಕೊಡಬೇಕು ಅಂತಿದ್ದೇವೆ. "ದುಬೈ ಕಂಪನಿ, ಟಿಡಿಎಸ್ ಇಲ್ಲ, ಪೂರ್ತಿ ದುಡ್ಡು ಕಳಿಸು" ಅನ್ನುತ್ತಾನೆ. ಬ್ಯಾಂಕಿನವರು 15ಸಿಎ, 15ಸಿಬಿ (ಹೊರದೇಶಕ್ಕೆ ದುಡ್ಡು ಕಳಿಸುವಾಗ ತೆರಿಗೆ ಬಗ್ಗೆ ಕೊಡುವ ಘೋಷಣೆ, ಸಿಎ ಸರ್ಟಿಫಿಕೇಟ್) ಕೇಳುತ್ತಿದ್ದಾರೆ. ಇನ್ನೊಂದು ಮಾತು, ತಾಯಿಗೆ ಆರಾಮಿಲ್ಲ ಅಂತ ಅವನು ವರ್ಷಕ್ಕೆ ನಾಲ್ಕೈದು ತಿಂಗಳು ವಿಜಯಪುರದಲ್ಲೇ ಇದ್ದು ಅಲ್ಲಿಂದಲೇ ಕೆಲಸ ಮಾಡುತ್ತಾನೆ. ಏನು ಮಾಡೋಣ?

ಉತ್ತರ (ಸಿಎ): ನಮಸ್ಕಾರ ಸರ್. ನೀವು ಕೊನೆಗೆ ಬರೆದ ಆ "ಇನ್ನೊಂದು ಮಾತು" ಇದೆಯಲ್ಲ, ಇಡೀ ಪ್ರಶ್ನೆ ಅದರ ಮೇಲೇ ನಿಂತಿದೆ. ಸೆಕ್ಷನ್‌ಗಳನ್ನು ಮತ್ತು ಫಾರ್ಮುಗಳನ್ನು ಹಳೇ ನಂಬರಿನಲ್ಲೇ ಹೇಳುತ್ತೇನೆ, ಎಲ್ಲರ ಬಾಯಲ್ಲೂ ಅವೇ ಇವೆ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ನಂಬರ್ ಬೇರೆ.

ನಿಮ್ಮ ಗೆಳೆಯ ಹೇಳುವುದು ಪೂರ್ತಿ ಸುಳ್ಳಲ್ಲ. ಹೊರದೇಶದವರಿಗೆ ಕೊಡುವ ದುಡ್ಡಿಗೆ ಇಲ್ಲಿ ತೆರಿಗೆ ಬೀಳುವಂತಿದ್ದರೆ ಮಾತ್ರ ಸೆಕ್ಷನ್ 195ರ ಟಿಡಿಎಸ್. ಪ್ರತಿ ರವಾನೆಗೂ ಹಿಡಿಯಲೇಬೇಕು ಎಂದು ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿತ್ತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆದರೆ ಡಿಸೈನ್ ಕೆಲಸ ನಮ್ಮ ಕಾಯ್ದೆಯಲ್ಲಿ ತಾಂತ್ರಿಕ ಸೇವೆಗೆ ಬರುತ್ತದೆ. ಅದನ್ನು ದುಬೈನಲ್ಲಿ ಕೂತು ಮಾಡಿದರೂ, ಬಳಸುವವರು ಇಲ್ಲಿನವರಾದರೆ ತೆರಿಗೆ ಇಲ್ಲೇ. ದರ 20 ಪರ್ಸೆಂಟ್, ಸೆಸ್ ಸೇರಿ 20.8. 2023ಕ್ಕೆ ಮುಂಚೆ ಇದೇ ದರ 10 ಇತ್ತು.

ಹಾಗಾದರೆ ಅವನು ಯಾವ ಧೈರ್ಯದಲ್ಲಿ ಇಲ್ಲ ಅನ್ನುತ್ತಾನೆ? ಭಾರತ–ಯುಎಇ ಒಪ್ಪಂದದ ಧೈರ್ಯದಲ್ಲಿ. ಆ ಒಪ್ಪಂದದಲ್ಲಿ ತಾಂತ್ರಿಕ ಸೇವೆಗೆ ಅಂತ ಬೇರೆ ಕಲಮೇ ಇಲ್ಲ, ಹಾಗಾಗಿ ಅದನ್ನು ವ್ಯಾಪಾರದ ಲಾಭ ಅಂತ ನೋಡುತ್ತಾರೆ, ಇಲ್ಲಿ ಕಾಯಂ ನೆಲೆ (ಆಫೀಸಿನಂಥ ವ್ಯಾಪಾರದ ಖಾಯಂ ಜಾಗ) ಇಲ್ಲದಿದ್ದರೆ ತೆರಿಗೆ ಇಲ್ಲ. ಆದರೆ ಆ ರಿಯಾಯಿತಿ ಬೇಕಾದರೆ ಕಂಪನಿ ಯುಎಇಯಲ್ಲಿ ನೋಂದಣಿಯಾಗಿದ್ದರೆ ಸಾಲದು, ಪೂರ್ತಿಯಾಗಿ ಅಲ್ಲಿಂದಲೇ ನಡೆಯುತ್ತಿರಬೇಕು. 2007ರ ತಿದ್ದುಪಡಿಯಲ್ಲಿ "ಪೂರ್ತಿಯಾಗಿ" ಅಂತಲೇ ಬರೆದಿದ್ದಾರೆ. ಒಬ್ಬನೇ ಮಾಲೀಕ, ಅವನೇ ಕೆಲಸಗಾರ, ನಾಲ್ಕೈದು ತಿಂಗಳು ವಿಜಯಪುರದಲ್ಲಿ ಕೂತು ಕೊಟೇಶನ್, ಬಿಲ್ಲು, ಡ್ರಾಯಿಂಗ್ ಎಲ್ಲ ಅಲ್ಲಿಂದಲೇ ಅಂದರೆ, ಕಂಪನಿ ನಿಜವಾಗಿ ಎಲ್ಲಿಂದ ನಡೆಯುತ್ತಿದೆ ಅನ್ನುವುದೇ ತೆರಿಗೆ ಆಫೀಸರ್ ಕೇಳುವ ಮೊದಲ ಪ್ರಶ್ನೆ.

ಸಿಕ್ಕಿಬೀಳುವವರು ನೀವು ಸರ್, ಅವನಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಟಿಡಿಎಸ್ ಹಿಡಿಯಬೇಕಿತ್ತು, ಹಿಡಿಯಲಿಲ್ಲ ಅಂತ ತೀರ್ಮಾನವಾದರೆ ವರ್ಷದ 24 ಲಕ್ಷಕ್ಕೆ ಸುಮಾರು 5 ಲಕ್ಷ ತೆರಿಗೆ ನಿಮ್ಮಿಂದಲೇ ವಸೂಲಿ, ತಿಂಗಳಿಗೆ 1 ಪರ್ಸೆಂಟ್ ಬಡ್ಡಿ ಬೇರೆ. ಅದರ ಮೇಲೆ ಸೆಕ್ಷನ್ 40(ಎ)(ಐ): ಆ 24 ಲಕ್ಷ ಖರ್ಚು ಅಂತ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿನವರಿಗೆ ಕೊಟ್ಟು ಟಿಡಿಎಸ್ ತಪ್ಪಿದರೆ ಖರ್ಚಿನಲ್ಲಿ 30 ಪರ್ಸೆಂಟ್ ಮಾತ್ರ ಕತ್ತರಿ, ಹೊರದೇಶದವರಾದರೆ ಪೂರ್ತಿ. ನಿಮ್ಮ ಫರ್ಮಿನ 31.2 ದರದಲ್ಲಿ ಅದೊಂದೇ ಸುಮಾರು ಏಳೂವರೆ ಲಕ್ಷ. ಮುಂದೆ ಆ ಟಿಡಿಎಸ್ ಕಟ್ಟಿದ ವರ್ಷ ಖರ್ಚು ವಾಪಸ್ ಸಿಗುತ್ತದೆ ನಿಜ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗುವ ದುಡ್ಡು ನಿಮ್ಮದು.

ಆದ್ದರಿಂದ ಒಂದು ರೂಪಾಯಿ ಕಳಿಸುವ ಮೊದಲೇ ಅವನ ಕಂಪನಿಯ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ತರಿಸಿ, ಆನ್‌ಲೈನ್ 10ಎಫ್ (ಒಪ್ಪಂದದ ರಿಯಾಯಿತಿಗೆ ಅವನ ಕಂಪನಿ ತುಂಬುವ ಫಾರ್ಮ್) ತರಿಸಿ, ಇಲ್ಲಿ ಕಾಯಂ ನೆಲೆ ಇಲ್ಲ ಎಂಬ ಪತ್ರ ತರಿಸಿ, ಅವನು ಯಾವಾಗ ಎಲ್ಲಿದ್ದ ಅಂತ ಪಾಸ್‌ಪೋರ್ಟ್ ಪುಟಗಳ ಪ್ರತಿಯನ್ನೂ ಇಟ್ಟುಕೊಳ್ಳಿ. ನಿಮ್ಮ ಆಫೀಸಿನಲ್ಲಿ ಅವನಿಗೆ ಟೇಬಲ್ ಹಾಕಿಕೊಡಬೇಡಿ. ಈಗಿನ ಪರಿಸ್ಥಿತಿಯಲ್ಲಾದರೆ ತೆರಿಗೆ ಇಲ್ಲ ಅಂತ ನಾನು 15ಸಿಬಿಗೆ ಸಹಿ ಹಾಕುವುದಿಲ್ಲ. ಟಿಡಿಎಸ್ ಹಿಡಿಯಿರಿ, ಇಲ್ಲವೇ 195(2)ರಲ್ಲಿ ಆಫೀಸರ್‌ಗೆ ಅರ್ಜಿ ಹಾಕಿ ಎಷ್ಟು ಹಿಡಿಯಬೇಕು ಅಂತ ಬರೆಸಿಕೊಳ್ಳಿ. ತಡವಾಗಬಹುದು, ಆದರೆ ನೆಮ್ಮದಿ ಇರುತ್ತದೆ.

ಜಿಎಸ್‌ಟಿ ಬೇರೆ ವಿಷಯ. ಹೊರಗಿನಿಂದ ಸೇವೆ ತಂದರೆ ರಿವರ್ಸ್ ಚಾರ್ಜ್, ಅಂದರೆ ಸೇವೆ ತಗೊಂಡ ನೀವೇ ಕಟ್ಟಬೇಕು, 18 ಪರ್ಸೆಂಟ್, ಅಂದರೆ ತಿಂಗಳಿಗೆ 36,000. ನಗದಾಗಿ ಕಟ್ಟಿ, ಕ್ರೆಡಿಟ್ ತಗೊಳ್ಳಿ.

ಪ್ರಶ್ನೆ (ಬಾಗಲಕೋಟೆಯಿಂದ ಇನ್ನೊಬ್ಬರು): ಮೇಡಂ, ಸುಮ್ನೆ ಅವರ ವಿಜಯಪುರದ ಸೇವಿಂಗ್ಸ್ ಖಾತೆಗೆ ಹಾಕಿಬಿಟ್ಟರೆ ಬ್ಯಾಂಕಿನ ತಂಟೆಯೇ ಇಲ್ಲ ಅಲ್ವಾ? ನಮ್ಮದೂ ಜರ್ಮನಿ ಕಂಪನಿಯೊಂದರ ಜೊತೆ ಮಾತು ನಡೆದಿದೆ.

ಉತ್ತರ: ದಯವಿಟ್ಟು ಬೇಡ ಅಣ್ಣಾ. ಬಿಲ್ಲು ಕಂಪನಿಯದು, ದುಡ್ಡು ಮನುಷ್ಯನ ಖಾತೆಗೆ ಅಂದರೆ ಟಿಡಿಎಸ್ ತಪ್ಪಿದ್ದರ ಜೊತೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಉಲ್ಲಂಘನೆಯೂ ಸೇರುತ್ತದೆ. ಕಂಪನಿ ನಿಜವಾಗಿ ವಿಜಯಪುರದಿಂದಲೇ ನಡೆಯುತ್ತಿದೆ ಅನ್ನುವುದಕ್ಕೆ ನೀವೇ ಸಾಕ್ಷಿ ಕೊಟ್ಟಂತಾಗುತ್ತದೆ.

ಜರ್ಮನಿ ಸುಲಭ. ಒಪ್ಪಂದದಲ್ಲೇ ತಾಂತ್ರಿಕ ಸೇವೆಗೆ 10 ಪರ್ಸೆಂಟ್ ಅಂತ ಇದೆ, ಸರ್ಟಿಫಿಕೇಟ್ ಇದ್ದರೆ ಅಷ್ಟೇ ಹಿಡಿಯಿರಿ, ಮೇಲೆ ಸೆಸ್ ಬೇಡ. ಅಮೆರಿಕ, ಬ್ರಿಟನ್ ಆಗಿದ್ದರೆ ಅವರು ತಮ್ಮ ವಿದ್ಯೆಯನ್ನು ನಿಮಗೆ ಕೈದಾಟಿಸಿದರಾ, ನಾಳೆ ಅವರಿಲ್ಲದೆ ನೀವೇ ಮಾಡಿಕೊಳ್ಳಬಲ್ಲಿರಾ ಅಂತಲೂ ನೋಡಬೇಕು.

ಮೊದಲು ಕೇಳಿದವರು: ತುಂಬಾ ಉಪಕಾರ ಆಯ್ತು ಮೇಡಂ. ಅವನು ಟಿಡಿಎಸ್ ಕಳೆಯದೆ 2 ಲಕ್ಷ ಕೈಗೆ ಬರಲೇಬೇಕು ಅನ್ನುತ್ತಾನೆ. ಅಗ್ರಿಮೆಂಟಿನಲ್ಲಿ ಹಾಗೇ ಬರೆಯಲಾ?

ಉತ್ತರ: ಹಾಗೆ ಬರೆದರೆ ತೆರಿಗೆ ನಿಮ್ಮ ತಲೆಗೆ. 195ಎ ಪ್ರಕಾರ ಮೊತ್ತವನ್ನು ಹಿಗ್ಗಿಸಿ ಲೆಕ್ಕ ಹಾಕಬೇಕು, 2 ಲಕ್ಷ ಅವನ ಕೈಗೆ ಮುಟ್ಟಲು ನಿಮಗೆ ಬೀಳುವ ಖರ್ಚು ಸುಮಾರು 2,52,500. "ಭಾರತದ ಕಾಯ್ದೆಯಂತೆ ತೆರಿಗೆ ಕಳೆದು ಕೊಡಲಾಗುವುದು" ಅಂತ ಬರೆಯಿರಿ. ಹಿಡಿದದ್ದು ಜಾಸ್ತಿ ಅನಿಸಿದರೆ ಅವನ ಕಂಪನಿ ಇಲ್ಲಿ ಪ್ಯಾನ್ ಮಾಡಿಸಿ, ರಿಟರ್ನ್ ಹಾಕಿ ರೀಫಂಡ್ ಕೇಳಲಿ. ನೀವು ಟಿಡಿಎಸ್ ಅನ್ನು ಮುಂದಿನ ತಿಂಗಳ 7ರೊಳಗೆ ಕಟ್ಟಿ, 27ಕ್ಯೂ (ಹೊರದೇಶದವರಿಗೆ ಹಿಡಿದ ಟಿಡಿಎಸ್ ವಿವರ) ಸಲ್ಲಿಸಿ, ಟಿಡಿಎಸ್ ಸರ್ಟಿಫಿಕೇಟ್ ಅವನಿಗೆ ಕಳಿಸಿ.