ನ್ಯೂಕ್ಲಿಯರ್ ಸೆಕ್ಯುರಿಟಿ: ‘ಭದ್ರತೆ’ಯೋ ‘ಕಾವಲೋ’? ಫೆಲೋಶಿಪ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ಅಣ್ಣನ ಮಗಳು ಈಚೆಗೆ ಪಿಎಚ್‌ಡಿ ಮುಗಿಸಿದಳು. ಈಗ ಮಂಡ್ಯದ ಎಂಎಸ್ಸಿ ಹುಡುಗಿಯರಿಗಾಗಿ ಎರಡು ಪುಟ ಬರೆಯುತ್ತಿದ್ದಾಳೆ. ನ್ಯೂಕ್ಲಿಯರ್ ಸೆಕ್ಯುರಿಟಿ ಓದುವವರಿಗೆ ಯಾವ ಯಾವ ಫೆಲೋಶಿಪ್ ಇವೆ ಅಂತ. “ಚಿಕ್ಕಪ್ಪ, ಒಂದ್ಸಲ ನೋಡಿಕೊಡಿ” ಅಂದಳು. ನೋಡಿದರೆ ಮೊದಲ ಸಾಲಿನಲ್ಲಿ ‘ಪರಮಾಣು ಸುರಕ್ಷತೆ’, ಮೂರನೆಯದರಲ್ಲಿ ‘ಪರಮಾಣು ಭದ್ರತೆ’. ಎರಡೂ ಸೆಕ್ಯುರಿಟಿಗೇ!

ಆದರೆ ಇವು ಬೇರೆ ಬೇರೆ. ಸ್ಥಾವರ ಕೆಟ್ಟು ವಿಕಿರಣ ಸೋರದಂತೆ ನೋಡಿಕೊಳ್ಳುವುದು ಸೇಫ್ಟಿ. ಯಾರೂ ವಸ್ತು ಕದಿಯದಂತೆ, ಬೇಕೆಂದೇ ಕೆಡಿಸದಂತೆ ನೋಡಿಕೊಳ್ಳುವುದು ಸೆಕ್ಯುರಿಟಿ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯದಲ್ಲಿ, ಬಿಟ್ಟುಹೋದ ಆಸ್ಪತ್ರೆಯಿಂದ ವಿಕಿರಣ ಸೂಸುವ ಸೀಸಿಯಂ ಇದ್ದ ಯಂತ್ರದ ಭಾಗವನ್ನು ಗುಜರಿಗೆಂದು ಹೊತ್ತೊಯ್ದರು. ನಾಲ್ವರು ಸತ್ತರು. ಕಾಯುವವರಿಲ್ಲದ್ದು ಸೆಕ್ಯುರಿಟಿಯ ಮಾತು, ಆಮೇಲೆ ಊರಿಗೆ ಹರಡಿದ್ದು ಸೇಫ್ಟಿಯ ಮಾತು.

ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ‘ಸೆಗುರಿದಾದ್’ ಒಂದೇ ಪದ. ಹಾಗಾಗಿ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯವರು ಸೇಫ್ಟಿಗೆ ‘ತಾಂತ್ರಿಕ’, ಸೆಕ್ಯುರಿಟಿಗೆ ‘ಭೌತಿಕ’ ಅಂತ ಸೇರಿಸುತ್ತಾರೆ. ನಮಗೆ ಸೇಫ್ಟಿಗೆ ‘ಸುರಕ್ಷತೆ’, ಸೆಕ್ಯುರಿಟಿಗೆ ‘ಭದ್ರತೆ’ ಅಂತ ಎರಡು ಪದ ಇವೆ. ಇದ್ದೂ ಕಲಸಿಬಿಡುತ್ತೇವೆ, ಅದೇ ಬೇಜಾರು.

ನನಗೆ ‘ಭದ್ರತೆ’ಯೂ ಪೂರ್ತಿ ಒಪ್ಪಿಗೆಯಿಲ್ಲ. ಆಹಾರ ಭದ್ರತೆ, ಭದ್ರತಾ ಠೇವಣಿ ಅಂತೆಲ್ಲ ಬಳಸಿ ಅದು ಸಡಿಲವಾಗಿದೆ. ನಮ್ಮೂರ ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆ ಹತ್ತಿರ ಹೋದರೆ “ಹುಷಾರು ಮಗ” ಅನ್ನುತ್ತಿದ್ದರು. ಬೆಲ್ಲದ ಅಚ್ಚು ಜೋಡಿಸಿಟ್ಟ ರಾತ್ರಿ ಮಾತ್ರ ಒಬ್ಬರು ಅಲ್ಲೇ ಕಂಬಳಿ ಹಾಸಿ ‘ಕಾವಲಿಗೆ’ ಮಲಗುತ್ತಿದ್ದರು. ಕಾವಲು ಅಂದ ಕೂಡಲೇ ಕದಿಯಲು ಬರುವ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ, ಅಲ್ವಾ? ಒಳಗೆ ಕೆಲಸ ಮಾಡುವವರೇ ಕದ್ದರೆ ಅದಕ್ಕೂ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅನ್ನುವ ಮಾತು ಸಿದ್ಧವಾಗಿದೆ. ‘ಪರಮಾಣು ಕಾವಲು’ ಅಂದರೆ ಹೇಗೆ? ಕಂಪ್ಯೂಟರ್‌ಗೆ ನುಗ್ಗುವುದು, ದೇಶದೇಶಗಳ ಒಪ್ಪಂದ ಇವೂ ಆ ಓದಿನಲ್ಲಿ ಬರುತ್ತವೆ. ಅಷ್ಟನ್ನೂ ‘ಕಾವಲು’ ಹೊರುತ್ತದೆಯೇ ಅನ್ನುವುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಫೆಲೋಶಿಪ್. ‘ವಿದ್ಯಾರ್ಥಿವೇತನ’ ಅಂದರೆ ಬರೀ ದುಡ್ಡು ಅಂದುಕೊಳ್ಳುತ್ತಾರೆ. ವಿಯೆನ್ನಾ ಸಂಸ್ಥೆ 2020ರಲ್ಲಿ ಶುರು ಮಾಡಿದ ಮೇರಿ ಕ್ಯೂರಿ ಫೆಲೋಶಿಪ್ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ. ಅದರಲ್ಲಿ ಓದಿನ ಖರ್ಚಿನ ಜೊತೆ ಇಂಟರ್ನ್‌ಶಿಪ್‌ಗೂ ದಾರಿಯಿದೆ. ‘ವೇತನ’ದಲ್ಲಿ ಆ ಅರ್ಥ ಬರುವುದಿಲ್ಲ. ಫೆಲೋಶಿಪ್ ಅಂತಲೇ ಬಿಡೋಣ ಅಂತ ನಾನು, ಕನ್ನಡ ಪದವೇ ಬೇಕು ಅಂತ ಅವಳು.

ಇನ್ನೊಂದು: ಸಂಶೋಧನೆಯಲ್ಲಿ ಈಗಷ್ಟೇ ಕಾಲಿಟ್ಟವರನ್ನು ‘ಯುವ ಸಂಶೋಧಕರು’ ಅಂದಿದ್ದಾಳೆ. ಹನ್ನೆರಡು ವರ್ಷ ಪಾಠ ಮಾಡಿ, ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಪಡೆದವರು ಅದನ್ನು ಓದಿ ‘ಇದು ನಮಗಲ್ಲ’ ಅಂತ ಪುಟ ತಿರುವಿದರೆ? ‘ಹೊಸ ಸಂಶೋಧಕರು’ ಅಂತ ತಿದ್ದಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತದೆ.